ಕೂದಲಿಗೊಂದು ಬಟ್ಟಲ

ಬರ್ರಿ, ಕಟ್ಟಿ ಮ್ಯಾಲ ಕುಂದರ್ರಿ, ಒಂದು ಮಾತು ಹೇಳ್ತೀನಿ. ನಾ ಬಬಲೇಶ್ವರ ಸಂತ್ಯಾಗ ಕೆರಿ ಮೀನ ಮಾರಾಕಿ. ಒಂದಿನ ವಿಜಯಪುರದಿಂದ ಕಾಲೇಜ ಕಲಿಯೂ ಒಬ್ಬಾಕಿ ಹುಡುಗಿ ಮನಿಗೆ ಬಂದ್ಲು. "ಆಯಿ, ಮೀನದಾಗ ಪಾದರಸ ಇರತೈತಿ, ಹೊಟ್ಟ್ಯಾಗಿನ ಕೂಸಿಗೆ ಅದು ಕೆಡಕು. ತಿಂದವರ ಕೂದಲ ನೋಡಿದ್ರ ಗೊತ್ತಾಗತೈತಿ. ಕೂದಲ ಕೊಡ್ರಿ" ಅಂದ್ಲು.

ಸೊಸಿ ಬಸುರಿ, ದಿನಾ ಮೀನ ತಿನ್ನಾಕಿ. ಲಗೂನ ಒಳಗ ಓಡಿದೆ. ತಲಿ ಬಾಚಿದಾಗ ಉದುರಿದ್ದನ್ನ ಗ್ವಾಡಿ ಸಂದ್ಯಾಗ ಕೂಡಿಟ್ಟಿದ್ದೆ, ಆ ಉಂಡಿ ಕೊಟ್ಟು, "ಬಟ್ಟಲ ಎಲ್ಲೈತಿ?" ಅಂದೆ. ಕೂದಲ ಒಯ್ಯಾವ್ರು ಸ್ಟೀಲ್ ಬಟ್ಟಲ ಕೊಡೂದು ನಮ್ಮ ಕಡೆ ರೂಢಿ.

"ಇದು ಯಾರ ಕೂದಲರಿ?"

"ಇಡೀ ಓಣೀದು."

ಆಕಿ ನಕ್ಕು, ಒಬ್ಬೊಬ್ಬರ ತಲಿಯಿಂದ ಬ್ಯಾರೆ ಬ್ಯಾರೆ ಕತ್ತರಿಸಿಕೊಂಡ್ಲು. ಮೀನ ಕಂಡ್ರ ಮೂಗ ಮುಚ್ಚೂ ನೆರೆಮನಿ ಗೌರವ್ವನೂ ಬಟ್ಟಲದ ಆಸೆಗೆ ತಲಿ ಬಗ್ಗಿಸಿದ್ಲು.

ತಿಂಗಳ ಮ್ಯಾಲ ಹುಡುಗಿ ತಿರುಗಿ ಬಂದ್ಲು. "ಸೊಸಿಗೆ ಅಂಜಿಕಿ ಇಲ್ಲರಿ. ಸಣ್ಣ ಮೀನ ನುಂಗಿ ನುಂಗಿ ದೊಡ್ಡ ಮೀನದಾಗ ಪಾದರಸ ಕೂಡತೈತಿ, ಅದನ್ನ ಬಿಡ್ರಿ. ಎಲ್ಲಾರಕಿಂತ ಹೆಚ್ಚ ಗೌರವ್ವಾರ ಕೂದಲದಾಗ ಐತಿ."

"ದೊಡ್ಡದು ಹೆಂಗ ಬಿಡಲಿ ಬೇ," ಅಂದ್ಲು ಅಲ್ಲೇ ನಿಂತಿದ್ದ ಗೌರವ್ವ, "ಅದರಾಗ ಮುಳ್ಳು ಕಡಿಮಿ."

ಸೊಸಿ ಹಡದ್ಲು, ಕೂಸು ಗುಂಡಗ ಐತಿ. ವಿಜಯಪುರದ ಹುಡುಗಿ, ಪಾಪ, ಬಟ್ಟಲ ಕೊಂಡು ತಂದು ಕೊಟ್ಲು. ಗೌರವ್ವ ಈಗ ಹಾಡಾಹಗಲ ಬಂದು ಸಣ್ಣ ಮೀನ ಒಯ್ತಾಳ, ಮೂಗ ಮುಚ್ಕೊಂಡ.