ಹಗಲಿನ ಸೊನ್ನೆ

ನಗರ ಯೋಜನಾ ಕಚೇರಿಯಲ್ಲಿ ಅವರನ್ನು ಎಲ್ಲರೂ ಅಂದಾಜಪ್ಪ ಎಂದೇ ಕರೆಯುತ್ತಿದ್ದರು. ಹೊಸ ಬಡಾವಣೆಯ ನಕ್ಷೆಯಲ್ಲಿ ಕಿಟಕಿ ಬಾಗಿಲು ಮೂಡುವ ಮೊದಲೇ ಅಲ್ಲಿಗೆ ಎಷ್ಟು ಕರೆಂಟು ಬೇಕೆಂದು ಹೇಳುವುದು ಅವರ ಕೆಲಸ. ಮನೆಗಳೆಂದರೆ ಅವರಿಗೆ ಬೆಂಕಿಪೊಟ್ಟಣಗಳು. ಉದ್ದ, ಅಗಲ, ಎತ್ತರ, ಬಿಸಿಲು ಬೀಳುವ ದಿಕ್ಕು. ಒಳಗಿನ ಜನಕ್ಕೊಂದು ಪಟ್ಟಿ. ಹದಿನೇಳು ವರ್ಷಗಳಿಂದ ಒಂದು ಬಡಾವಣೆಯಿಂದ ಇನ್ನೊಂದಕ್ಕೆ ನಕಲಾಗುತ್ತ ಬಂದ ಆ ಪಟ್ಟಿಯಲ್ಲಿ, ಬೆಳಿಗ್ಗೆ ಒಂಬತ್ತರಿಂದ ಸಂಜೆ ಐದರವರೆಗೆ ಮನೆಯಲ್ಲಿರುವವರು ಸೊನ್ನೆ. ಎಲ್ಲರೂ ದುಡಿಯಲು ಹೋಗಿರುತ್ತಾರಲ್ಲ!

ಆ ಲೆಕ್ಕದ ಮೇಲೆ ಎದ್ದ ಬಡಾವಣೆಯಲ್ಲೇ, ಐದನೆಯ ಮಹಡಿಯಲ್ಲಿ, ಅಕ್ಕನಿಗೊಂದು ಮನೆ ಹಿಡಿದುಕೊಟ್ಟರು. ಒಂಟಿ ಜೀವ. ಶ್ವಾಸಕೋಶ ಸೋತು, ಆಮ್ಲಜನಕದ ಯಂತ್ರದ ನಳಿಕೆ ಸದಾ ಮೂಗಿಗೆ.

"ಕರೆಂಟ್ ಹೋದ್ರೆ ಏನೋ ನನ್ನ ಗತಿ?"

"ಹೋಗಲ್ಲ ಬಿಡಕ್ಕ. ಟ್ರಾನ್ಸ್‌ಫಾರ್ಮರ್ ಲೆಕ್ಕ ಹಾಕಿದ್ದೇ ನಾನು."

"ಅದಕ್ಕೇ ಭಯ. ಸ್ಕೂಲಲ್ಲಿ ನಿನ್ನ ಲೆಕ್ಕ ತಿದ್ದುತ್ತಿದ್ದವಳು ನಾನೇ ಅಲ್ವೇನೋ?"

ಕರೆಂಟ್ ಹೋದಾಗ ಬೇಕಾದೀತು, ಒಂದು ಆಮ್ಲಜನಕದ ಸಿಲಿಂಡರ್ ತಂದಿಡೋಣ ಎಂದ ಹೆಂಡತಿಯೆದುರು ಅಂದಾಜಪ್ಪ ಮುಖ ಊದಿಸಿದರು. "ಊರೆಲ್ಲ ನನ್ನ ಲೆಕ್ಕ ನಂಬುತ್ತೆ. ನಿಂಗೇ ನಂಬಿಕೆ ಇಲ್ವಾ?" ಸಿಲಿಂಡರ್ ಬರಲಿಲ್ಲ.

ಮೊದಲ ಬೇಸಿಗೆಯ ಒಂದು ಮಧ್ಯಾಹ್ನ, ಮೂರು ಗಂಟೆಗೆ, ಟ್ರಾನ್ಸ್‌ಫಾರ್ಮರ್ ಢಬ್ಬೆಂದಿತು. ಅಕ್ಕನ ಫೋನಿನಲ್ಲಿ ಮಾತಿರಲಿಲ್ಲ, ಏದುಸಿರು ಮಾತ್ರ. ಅಂದಾಜಪ್ಪ ಆಟೊ ಹಿಡಿದು ಧಾವಿಸಿದರು. ಲಿಫ್ಟ್ ನಿಂತಿತ್ತು. ಮೆಟ್ಟಿಲು ಹತ್ತಿದರು. ಸೆಕೆಗೆ ಎಲ್ಲರೂ ಬಾಗಿಲು ತೆರೆದು ಕೂತಿದ್ದರು: ಕೂಸನ್ನು ಎದೆಗವಚಿಕೊಂಡ ಬಾಣಂತಿ, ಅರ್ಧ ಹೊಲಿದ ರವಿಕೆ ಹಿಡಿದ ದರ್ಜಿ, ರಾತ್ರಿ ಪಾಳಿ ಮುಗಿಸಿ ಮಲಗಿದ್ದು ಬನಿಯನ್‌ನಲ್ಲೇ ಎದ್ದುಬಂದ ಕಾವಲುಗಾರ, ಕೆಲಸ ಕಳೆದುಕೊಂಡ ಗುಮಾಸ್ತ. ಒಬ್ಬೊಬ್ಬರ ಹಿಂದೆಯೂ ಸತ್ತುಬಿದ್ದ ಒಂದೊಂದು ಕೂಲರ್.

ಐದನೆಯ ಮಹಡಿಯಲ್ಲಿ ಪಕ್ಕದ ಮನೆಯಾಕೆ ಅಕ್ಕನಿಗೆ ಪೇಪರಿನಿಂದ ಗಾಳಿ ಬೀಸುತ್ತಲೇ ಇದ್ದಳು. "ಆಗಲೇ ಹೋಗ್ಬಿಟ್ರು ಅಣ್ಣಾ," ಎಂದಳು. ಕೈ ಮಾತ್ರ ನಿಲ್ಲಿಸಲಿಲ್ಲ.

ಹದಿನೈದು ದಿನ ಕಳೆದು ಕಚೇರಿಗೆ ಬಂದ ಅಂದಾಜಪ್ಪ ಮೊದಲು ಮಾಡಿದ ಕೆಲಸ ಪಟ್ಟಿ ತಿದ್ದಿದ್ದು. ಮೇಲಧಿಕಾರಿ ಕನ್ನಡಕ ಏರಿಸಿದರು.

"ಏನ್ರೀ ಇದು? ಹಗಲೊತ್ತು ಮನೇಲಿ ಇಷ್ಟು ಜನ ಯಾರ್ರೀ ಇರ್ತಾರೆ?"

"ಒಂದನೇ ಮಹಡೀಲಿ ಬಾಣಂತಿ, ಸಾರ್. ಎರಡರಲ್ಲಿ ದರ್ಜಿ. ಮೂರರಲ್ಲಿ ಕಾವಲುಗಾರ. ನಾಲ್ಕರಲ್ಲಿ ಗುಮಾಸ್ತ."

"ಐದರಲ್ಲಿ?"

ಅಂದಾಜಪ್ಪ ಪೆನ್ನಿನ ಮುಚ್ಚಳ ಹಾಕಿದರು.

"ಅಲ್ಲಿ ನಮ್ಮ ಹಳೇ ಲೆಕ್ಕವೇ ಸರಿ, ಸಾರ್. ಸೊನ್ನೆ."