ಪಡಸಾಲೆಯ ನಾಲ್ಕನೆಯ ಕಂಬ

ಶಿವಮೊಗ್ಗದ ಗಾಂಧಿ ಬಜಾರಿನ ಹಿಂದಿನ ಓಣಿಯಲ್ಲಿ ನಮ್ಮ ಮನೆಯಿದೆ. ಪಡಸಾಲೆಯಲ್ಲಿ ನಾಲ್ಕು ಕಂಬಗಳು. ಮನೆ ಕಟ್ಟುವಾಗ ಅಮ್ಮನ ತಂದೆ ತಮ್ಮೂರಿಂದ ಲಾರಿಯಲ್ಲಿ ಕಳಿಸಿಕೊಟ್ಟವು, ಬೀಟೆ ಮರದವು ಎಂದು ಅಮ್ಮ ಮನೆಗೆ ಬಂದವರಿಗೆಲ್ಲ ಹೇಳಿದ್ದಾಳೆ. ಗ್ಯಾಸ್ ಸಿಲಿಂಡರ್ ತಂದವನನ್ನೂ ಬಿಟ್ಟಿಲ್ಲ. ಅಡುಗೆಮನೆ ಬಾಗಿಲ ಹತ್ತಿರದ ಕಂಬಕ್ಕೆ ಬೆನ್ನು ಕೊಟ್ಟು ಕೂತು, "ಬೇಸಿಗೇಲೂ ಎಷ್ಟು ತಣ್ಣಗಿದೆ ನೋಡು. ಒಳ್ಳೆ ಬೀಟೆ ಅಂದ್ರೆ ಹಿಂಗಿರ್ಬೇಕು" ಅನ್ನುತ್ತಿದ್ದಳು.

ಅಪ್ಪ ಇರುವ ತನಕ ಆ ಕಂಬಗಳನ್ನು ಪೇಂಟರಿಗೆ ಮುಟ್ಟಗೊಡಲಿಲ್ಲ. ತಮ್ಮ ಬಟ್ಟೆ ಅಂಗಡಿಗೆ ರಜೆ ಮಾಡಿ, ಹಳೇ ಪಂಚೆ ಸುತ್ತಿಕೊಂಡು, ತಾವೇ ಕಂದು ಬಣ್ಣ ಬಳಿಯುತ್ತಿದ್ದರು. ಮಾವನ ಮೇಲಿನ ಗೌರವ ಎಂದು ನಾವು ಅಂದುಕೊಂಡಿದ್ದೆವು.

ಅಪ್ಪ ಹೋಗಿ ಆರು ವರ್ಷವಾದ ಮೇಲೆ ಮನೆ ರಿಪೇರಿ ಹಿಡಿದೆವು. ಕೆಡವಿ ಹೊಸದು ಕಟ್ಟು ಎಂದವರೇ ಹೆಚ್ಚು. ನನಗೂ ಹೆಂಡತಿಗೂ ಮನಸ್ಸು ಬರಲಿಲ್ಲ. ಹೆಂಚು ಬದಲಾಯಿಸಿ, ವೈರಿಂಗ್ ಮಾಡಿಸಿ, ಕೊನೆಗೆ ಕಂಬಗಳ ಹತ್ತಿರ ಬಂದೆವು.

"ಅಷ್ಟು ಒಳ್ಳೆ ಮರ, ಬಣ್ಣದಡಿ ಮುಚ್ಚಿ ಹೋಗಿದೆ. ಕೆರೆಸಿ ಪಾಲಿಶ್ ಮಾಡಿಸೋಣ" ಎಂದಳು ಹೆಂಡತಿ. ಅಮ್ಮನಿಗೆ ಖುಷಿಯೋ ಖುಷಿ.

ಭದ್ರಾವತಿಯಿಂದ ಒಬ್ಬ ಆಚಾರಿ ಬಂದರು. ಅಮ್ಮನ ಕಂಬದಿಂದಲೇ ಶುರು ಮಾಡಿದರು. ಅರ್ಧ ಗಂಟೆ ಕೆರೆದು, ನಿಂತು, ಬೆರಳಿನಿಂದ ಉಜ್ಜಿ, ನನ್ನನ್ನು ಕರೆದರು.

"ಸಾರ್, ಇದು ಮರ ಅಲ್ಲ."

"ಮತ್ತೇನು?"

"ಪೈಪು."

ನಾನು ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. ಮನೆಯಲ್ಲಿ ಪಾಠಕ್ಕೆಂದು ಇಟ್ಟುಕೊಂಡಿದ್ದ ಅಯಸ್ಕಾಂತ ತಂದು ಹಿಡಿದೆ. ಟಪ್ಪೆಂದು ಅಂಟಿಕೊಂಡಿತು. ಮರಕ್ಕಿಂತ ಲೋಹ ಮುಟ್ಟಿದರೆ ತಣ್ಣಗೆನ್ನಿಸುವುದು ಯಾಕೆ ಎಂದು ವರ್ಷ ವರ್ಷವೂ ಮಕ್ಕಳಿಗೆ ಬೋರ್ಡಿನ ಮೇಲೆ ಬರೆದು ಹೇಳುತ್ತೇನೆ. ಮನೆಗೆ ಬಂದು ಅಮ್ಮನ ಮಾತಿಗೆ ಹೂಂಗುಟ್ಟುತ್ತಿದ್ದವನೂ ನಾನೇ.

ಅಮ್ಮ ಬಂದು ನೋಡಿದಳು. ಅಯಸ್ಕಾಂತವನ್ನು ಕಿತ್ತು ತಾನೇ ಎರಡು ಸಲ ಅಂಟಿಸಿ ಪರೀಕ್ಷಿಸಿದಳು. ಆಮೇಲೆ ಭದ್ರಾವತಿಯಲ್ಲಿರುವ ನನ್ನ ಸೋದರತ್ತೆಗೆ ಫೋನ್ ಮಾಡಿ, "ನಾಳೆ ಬಾ" ಎಂದಷ್ಟೇ ಹೇಳಿ ಇಟ್ಟಳು. ಅಪ್ಪನ ಗುಟ್ಟುಗಳೆಲ್ಲ ತಂಗಿಗೆ ಗೊತ್ತಿರುತ್ತಿದ್ದವು.

ಅತ್ತೆ ಬಂದು ಕಂಬ ನೋಡಿ, ಕೂತು, ಸೆರಗಿನಿಂದ ಮುಖ ಒರೆಸಿಕೊಂಡಳು.

"ನೀವು ಇವನ ಬಾಣಂತನಕ್ಕೆ ತವರಿಗೆ ಹೋಗಿದ್ರಲ್ಲ ಅತ್ತಿಗೆ, ಆಗ ಆ ಕಂಬ ಸೀಳು ಬಿಡ್ತು. ನಿಮಗೆ ಬೇಜಾರಾಗುತ್ತೆ ಅಂತ ಅಣ್ಣ ನಮ್ಮೂರಿಗೆ ಬಂದು ಗುಜರಿ ಅಂಗಡೀಲಿ ಪೈಪ್ ಹಿಡಿದ. ಬಡಿದ್ರೆ ಠಣ್ ಅನ್ಬಾರ್ದು ಅಂತ ಒಳಗೆ ಮರಳೂ ತುಂಬಿಸಿದ."

"ಇಷ್ಟು ವರ್ಷ ನನ್ನನ್ನ ಪೈಪಿಗೆ ಒರಗಿಸಿ ಕೂರಿಸಿದ್ರಿ. ನಾನು ಬೀಟೆ ಬೀಟೆ ಅನ್ನುವಾಗ ನಿಮ್ಮಿಬ್ಬರಿಗೂ ನಗು ಬರ್ತಿರಲಿಲ್ವಾ?"

ಅತ್ತೆ ಸ್ವಲ್ಪ ಯೋಚಿಸಿ, "ಬರ್ತಿತ್ತು" ಎಂದಳು.

ಅಂದು ಅಮ್ಮ ಕೊಟ್ಟ ಕಾಫಿಗೆ ಸಕ್ಕರೆ ಇರಲಿಲ್ಲ. ಅತ್ತೆ ಕೇಳಲೂ ಇಲ್ಲ, ಕುಡಿದು ಲೋಟ ತೊಳೆದಿಟ್ಟಳು.

ಸಂಜೆ ಅವಳನ್ನು ಕಾರಿನಲ್ಲಿ ಬಿಡಲು ಹೊರಟೆ. ಮಾಚೇನಹಳ್ಳಿ ದಾಟಿದ ಮೇಲೆ ಇದ್ದಕ್ಕಿದ್ದಂತೆ, "ಸೀಳೂ ಇಲ್ಲ ಎಂಥದೂ ಇಲ್ಲ ಮಾರಾಯ. ಗೆದ್ದಲು ತಿಂದಿತ್ತು" ಎಂದಳು.

"ಬೀಟೆಗೆ ಗೆದ್ದಲು ಹಿಡಿಯಲ್ಲ ಅಂತಾರಲ್ಲ ಅತ್ತೆ."

"ಅದಕ್ಕೇ ಕಣೋ ನಿಮ್ಮಪ್ಪ ಮುಚ್ಚಿಟ್ಟಿದ್ದು. ನಿನ್ನ ತವರಿಂದ ಬಂದಿದ್ದು ಬೀಟೆ ಅಲ್ಲ ಅಂತ ಹಸೀ ಬಾಣಂತಿ ಹತ್ರ ಹೇಳೋಕಾಗುತ್ತಾ? ನಿನ್ನ ತಾತಂಗೂ ಯಾರೋ ಟೋಪಿ ಹಾಕಿರ್ಬೇಕು, ಪಾಪ. ನೀನೂ ಬಾಯಿ ಮುಚ್ಕೊಂಡಿರು."

ಮರುದಿನ ಬೆಳಿಗ್ಗೆ ಆಚಾರಿ ಎರಡನೆಯ ಕಂಬವನ್ನು ಒಂದು ಗೇಣು ಕೆರೆದು ನನ್ನ ಮುಖ ನೋಡಿದರು.

"ಸಾರ್, ಇದು ನಂದಿ ಮರ. ಒಳ್ಳೆ ಮರಾನೇ, ಆದ್ರೆ ನೀವು ಬೀಟೆ ಅಂದ್ರಿ..."

"ಮೆಲ್ಲಗೆ ಮಾತಾಡಿ ಆಚಾರ್ರೇ."

ಒಳಗೆ ಅಮ್ಮ ಒಗ್ಗರಣೆ ಹಾಕುತ್ತಿದ್ದಳು. ಆಚಾರಿ ಒಮ್ಮೆ ಅಡುಗೆಮನೆಯ ಕಡೆ, ಒಮ್ಮೆ ಕಂಬದ ಕಡೆ ನೋಡಿ ದನಿ ತಗ್ಗಿಸಿದರು. "ಕಪ್ಪಗೆ ಬಣ್ಣ ಹಿಡಿಸಿ ಪಾಲಿಶ್ ಹೊಡೀತೀನಿ. ಇನ್ನೊಬ್ಬ ಆಚಾರಿ ಬಂದ್ರೂ ಗೊತ್ತಾಗ್ಬಾರ್ದು, ಹಂಗೆ. ನಿಮ್ಮ ಅಮ್ಮನ್ನ ಮಾತ್ರ ಎರಡು ದಿನ ಎಲ್ಲಾದ್ರೂ ಕಳ್ಸಿ."

ಪಾಲಿಶ್ ವಾಸನೆಗೆ ಕೆಮ್ಮು ಬರುತ್ತದೆ ಎಂದು ಹೇಳಿ ಅಮ್ಮನನ್ನು ನವುಲೆಯಲ್ಲಿರುವ ನನ್ನ ತಂಗಿಯ ಮನೆಗೆ ಬಿಟ್ಟು ಬಂದೆ. ಸುಳ್ಳು ಎಷ್ಟು ಸಲೀಸಾಗಿ ಬಂತೆಂದರೆ ನನಗೇ ಆಶ್ಚರ್ಯವಾಯಿತು. ವಾಪಸು ಬಂದ ಅಮ್ಮ ಮೂರೂ ಕಂಬಗಳನ್ನು ಸವರಿ, "ಈಗ ನೋಡು, ಬೀಟೆ ಅಂದ್ರೆ ಇದು" ಎಂದಳು. ಪೈಪಿಗೆ ಮರದ ಬಣ್ಣ ಬೇಡವೆಂದು ಹಟ ಹಿಡಿದು, ಕಿಟಕಿಯ ಸರಳಿಗೆ ಹಚ್ಚುವ ಕರಿ ಪೇಂಟ್ ಹಚ್ಚಿಸಿದಳು. ಕಬ್ಬಿಣ ಅಂತ ನಾಲ್ಕು ಜನಕ್ಕೆ ಗೊತ್ತಾಗಲಿ ಎಂಬುದು ಅವಳ ವಾದ.

ಕೆಲಸ ಮುಗಿದ ಮೇಲೆ ಒಂದು ಸೋಮವಾರ ರುದ್ರಾಭಿಷೇಕ ಮಾಡಿಸಿ ನೆಂಟರನ್ನು ಊಟಕ್ಕೆ ಕರೆದೆವು. ಅಮ್ಮನ ತಮ್ಮ, ನನ್ನ ಸೋದರಮಾವ, ಊರಿಂದ ಬಂದಿದ್ದರು. ಅಮ್ಮ ಅವರನ್ನು ಪಂಕ್ತಿಯ ನಡುವೆಯೇ ಎಬ್ಬಿಸುವುದೊಂದು ಬಾಕಿ. "ನೋಡೋ, ನಮ್ಮಪ್ಪ ಕೊಟ್ಟ ಮೂರೂ ಹೆಂಗೆ ಹೊಳೀತಾ ಇವೆ. ಇವರಪ್ಪ ನಿಲ್ಲಿಸಿದ್ದು ನೋಡು, ಪೈಪು."

ಮಾವ ಜೋರಾಗಿ ನಕ್ಕರು. "ಭಾವ ಹಿಂಗೆ ಮಾಡಿದ್ರಾ? ಅವರು ಅಂಥೋರು ಅಂತ ಅನ್ಕೊಂಡಿರಲಿಲ್ಲ ಬಿಡಕ್ಕ."

ಅಪ್ಪನ ಪರವಾಗಿ ಒಂದು ಮಾತು ಆಡಲು ಬಾಯಿ ತೆರೆದೆ. ಪಕ್ಕದ ಎಲೆಯಲ್ಲಿ ಕೂತಿದ್ದ ಅತ್ತೆ ಮೊಣಕೈಯಿಂದ ತಿವಿದಳು.

"ಹೋಳಿಗೆ ತಣ್ಣಗಾಗುತ್ತೆ, ತಿನ್ನು" ಎಂದಳು.

ತಿಂದೆ.