ಜವುಗುನೀರಿನಲ್ಲಿ ಗಳ ಹಿಡಿದ ಎಲ್ಮೀರ್

"ಶ್... ಕಾಲು ಅಲ್ಲಾಡಿಸ್ಬೇಡಿ ಮೇಷ್ಟ್ರೇ. ಆ ಹುಲ್ಲಿನ ಅಂಚಲ್ಲಿ ಬಾಲ ಕಾಣ್ತಾ?"

ಸೆಪ್ಟೆಂಬರಿನ ನಸುಕು. ಲೂಸಿಯಾನದ ದಕ್ಷಿಣ ತುದಿಯ ಜವುಗಿನಲ್ಲಿ ಮೊಣಕಾಲುದ್ದ ನೀರು. ದೋಣಿಯ ಹಿಂಬದಿಯ ಪುಟ್ಟ ಅಟ್ಟಣಿಗೆಯ ಮೇಲೆ ನಿಂತು ಎಲ್ಮೀರ್ ದಾರ್ದಾರ್ ದೋಣಿ ತಳ್ಳುವ ಹದಿನೆಂಟು ಅಡಿಯ ಗಳವನ್ನು ಕೆಸರಿಗೆ ಊರುತ್ತಾರೆ. ಸದ್ದಿಲ್ಲ. ಮುಂದೆ ತಲೆ ತಗ್ಗಿಸಿ ಏಡಿ ಹುಡುಕುತ್ತಿರುವ ಕೆಂಪುಮೀನಿನ ಬಾಲ, ಅದರ ಮೇಲಿನ ಕಪ್ಪು ಚುಕ್ಕೆ, ನೀರಿನಿಂದ ಹೊರಗೆ ಅಲ್ಲಾಡುತ್ತಿದೆ. ಮೀನು ಹಿಡಿಯಲು ಹಣ ಕೊಟ್ಟು ಅವರ ದೋಣಿಗೆ ಅತಿಥಿಯಾಗಿ ಬಂದಿರುವ ಶಾಲಾ ಮೇಷ್ಟ್ರು ಲೈಲ್ ಆತುರದಲ್ಲಿ ಗಾಳವನ್ನು ಅದರ ತಲೆಯ ಮೇಲೇ ಎಸೆಯುತ್ತಾರೆ. ಮೀನು ಮಾಯ.

"ಹೋಗ್ಲಿ ಬಿಡಿ, ಅದಿನ್ನೂ ತಿಂಡಿ ಮುಗಿಸಿಲ್ಲ, ಮತ್ತೆ ಬರುತ್ತೆ" ಎಂದು ಎಲ್ಮೀರ್ ನಗುತ್ತಾರೆ.

ಅವರಿಗೀಗ ಐವತ್ತೆಂಟು. ದಿನಕ್ಕೆ ಆರು ತಾಸು ನಿಂತೇ ಇರಬೇಕು, ಐದಾರು ಮೈಲಿ ದೋಣಿ ತಳ್ಳಬೇಕು. ಅಪ್ಪ ಓಜೆಮ್ ಗಳ ಹಿಡಿಯಲು ಕಲಿಸಿದ್ದು ಗಂಡುಮಕ್ಕಳಿಗೆ. ಅವರು ಸಮುದ್ರದ ತೈಲಬಾವಿಗಳ ಕೆಲಸಕ್ಕೆ ಹೊರಟುಹೋದರು. ಏಡಿಯ ಮಾಂಸ ಬಿಡಿಸುವ ಶೆಡ್ಡಿನಲ್ಲಿ ಕೈ ಕುಯ್ದುಕೊಳ್ಳುತ್ತಿದ್ದ ಮಗಳು ಎಲ್ಮೀರ್ ಮೂವತ್ತೊಂದರ ವಯಸ್ಸಿನಲ್ಲಿ ಆ ಗಳ ಎತ್ತಿಕೊಂಡಳು.

"ಹೆಂಗಸು ದೋಣಿ ನಡೆಸಿದ್ರೆ ಮೀನೂ ನಗುತ್ತೆ ಅಂದ್ರು ದೋಣಿ ನಿಲ್ಲೋ ಧಕ್ಕೆಯೋರು. ನಗಲಿ, ಬಾಯಿ ತೆರೆದ್ರೆ ಗಾಳ ಹಾಕೋದು ಸುಲಭ ಅಂದೆ."

ಅಪ್ಪ ದನ ಮೇಯಿಸುತ್ತಿದ್ದ ಹುಲ್ಲುನೆಲವನ್ನು ಸಮುದ್ರ ನುಂಗಿದೆ, ಇಂದು ಬರೀ ನೀರು. ನಕ್ಷೆಯಲ್ಲಿರುವ ಕಾಲುವೆಗಳು ಅಲ್ಲಿಲ್ಲ, ಇರುವ ಕಾಲುವೆಗಳು ನಕ್ಷೆಯಲ್ಲಿಲ್ಲ.

ನಾಲ್ಕು ವರ್ಷದ ಹಿಂದಿನ ಸೆಪ್ಟೆಂಬರಿನಲ್ಲಿ, ಎಪ್ಪತ್ತರ ಮಿಲ್ಟನ್ ಗ್ರೇಸನ್ ಎಂಬ ಅತಿಥಿಯೊಬ್ಬರು ಇದೇ ದೋಣಿಯಲ್ಲಿ ಎದೆ ಹಿಡಿದುಕೊಂಡು ಕುಸಿದರು. ಸಮುದ್ರ ಇಳಿತದ ಹೊತ್ತು. ಮೋಟಾರಿಗೆ ಸಾಲುವಷ್ಟು ನೀರಿಲ್ಲ. ಫೋನು ಮಾಡಿದರೆ, ತಮ್ಮ ದೋಣಿ ಕಾಲುವೆಯ ಬಾಯಿಂದ ಈಚೆ ಬರಲಾಗದು ಎಂದರು ರಕ್ಷಣಾ ಪಡೆಯವರು. ಎಲ್ಮೀರ್ ಆ ಬಾಯಿಯವರೆಗೆ ಎರಡು ಮೈಲಿ ಗಳ ಊರಿದರು. ದೋಣಿ ಕೆಸರಿಗೆ ಕಚ್ಚಿಕೊಂಡಾಗ ಇಳಿದು, ತೊಡೆಯುದ್ದ ಹೂತು, ಭುಜ ಕೊಟ್ಟು ತಳ್ಳಿದರು.

"ಕಣ್ಣು ಮುಚ್ಚೋಕೆ ಬಿಡ್ಲಿಲ್ಲ. ಹೆಂಡ್ತಿ ಹೆಸರೇನು, ಹೇಳಿ. ಇನ್ನೊಂದ್ಸಲ ಹೇಳಿ ಅಂತಿದ್ದೆ. ಲುಯೆಲಾ, ಲುಯೆಲಾ ಅಂತ ಕೊನೇಗೆ ಬೈಯೋ ಹಾಗೆ ಹೇಳ್ತಿದ್ರು. ಬೈದ್ರಲ್ಲಾ, ಬದುಕ್ತಾರೆ ಅನ್ನಿಸ್ತು."

ಬದುಕಿದರು. ಊರ ಪತ್ರಿಕೆಯಲ್ಲಿ ರಕ್ಷಣಾ ಪಡೆಯ ಚಿತ್ರ ಬಂತು, ಎಲ್ಮೀರ್ ಹೆಸರಿಲ್ಲ. "ಅವರೂ ಬಂದಿದ್ರಲ್ಲ" ಎನ್ನುತ್ತಾರೆ ಅಷ್ಟೇ. ದೋಣಿ ತಳ್ಳಿದ ಭುಜಕ್ಕೆ ಪೆಟ್ಟಾಗಿ, ಅಂದಿನಿಂದ ಬಲಗೈ ತಲೆಗಿಂತ ಮೇಲೇಳದು. ಒಂದಿಡೀ ಚಳಿಗಾಲ ಎಡಗೈಯಲ್ಲಿ ಗಳ ಹಿಡಿಯುವುದನ್ನು ಹೊಸದಾಗಿ ಕಲಿತರು. ವೈದ್ಯರು ಬಿಟ್ಟುಬಿಡಿ ಎನ್ನುತ್ತಲೇ ಇದ್ದಾರೆ.

ಬಿಸಿಲೇರುವ ಹೊತ್ತಿಗೆ ಮೇಷ್ಟ್ರ ದಾರ ಕೊನೆಗೂ ಬಿಗಿಯುತ್ತದೆ. ತೋಳುದ್ದದ, ಮೊಟ್ಟೆ ಹೊತ್ತ ಮೀನು. "ಇದು ಸಂಸಾರಸ್ಥೆ, ಮನೆಗೆ ಕಳಿಸ್ಬಿಡೋಣ" ಎಂದು ಎಲ್ಮೀರ್ ಅದನ್ನು ನೀರಿನಲ್ಲಿಯೇ ಹಿಡಿದು, ಬಾಲ ಒದೆಯುವ ತನಕ ಕಾದು, ಬಿಡುತ್ತಾರೆ.

ಇನ್ನೆಷ್ಟು ದಿನ ಈ ಕೆಲಸ ಎಂದರೆ ಒದ್ದೆ ಕೈ ಒರೆಸಿಕೊಂಡು ಗಳ ಎತ್ತಿಕೊಳ್ಳುತ್ತಾರೆ.

"ಎಡಗೈ ಇರೋವರೆಗೂ. ಇಪ್ಪತ್ತೇಳು ವರ್ಷ ಆಯ್ತು, ಈ ದೋಣಿ ಹತ್ತಿದ ಒಬ್ಬರನ್ನೂ ನಾನು ಜವುಗಲ್ಲಿ ಬಿಟ್ಟು ಬಂದಿಲ್ಲ."